ಊಟ ಬಲ್ಲವನು ಯಾರು?

ಶರನ್ನವರಾತ್ರಿಯ ದಿನಗಳಲ್ಲಿ ಭಕ್ತರು ಪಾರಾಯಣ ಮಾಡುವ ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಬಗೆಬಗೆಯಾಗಿ ಸ್ತುತಿಸುತ್ತಾರೆ. ಸಕಲ ಪ್ರಾಣಿಗಳಲ್ಲಿ ಚೇತನವಾಗಿ, ಬುದ್ಧಿಯಾಗಿ, ನಿದ್ರೆಯಾಗಿ ನೆಲೆಸಿರುವವಳು ಅವಳೇ ಎಂದು ಕೊಂಡಾಡುತ್ತ ಬಂದ ಆ ಸ್ತುತಿ, ಅದೇ ಉಸಿರಿನಲ್ಲಿ, ಹಸಿವಾಗಿ ನೆಲೆಸಿರುವವಳೂ ಅವಳೇ ಎಂದು ಸಾರುತ್ತದೆ. ಶಾಂತಿ, ಶ್ರದ್ಧೆ, ದಯೆ ಮೊದಲಾದ ಉದಾತ್ತ ಭಾವಗಳ ಪಂಕ್ತಿಯಲ್ಲಿ ಹೊಟ್ಟೆಯ ಹಸಿವಿಗೂ ಒಂದು ಮಣೆ ಹಾಕಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ವಿಚಾರ ಮಾಡಿದಂತೆಲ್ಲ ಅದರ ಔಚಿತ್ಯ ಮನವರಿಕೆಯಾಗುತ್ತದೆ. ಶ್ರದ್ಧೆ ಎಲ್ಲರಲ್ಲಿಯೂ ಇರಲಿಕ್ಕಿಲ್ಲ. ದಯೆ ಎಲ್ಲರಲ್ಲಿಯೂ ಎಚ್ಚೆತ್ತಿರಲಿಕ್ಕಿಲ್ಲ. ಹಸಿವಾದರೋ ಅರಮನೆಯಲ್ಲಿಯೂ ಗುಡಿಸಲಿನಲ್ಲಿಯೂ, ಪಂಡಿತನಲ್ಲಿಯೂ ಪಾಮರನಲ್ಲಿಯೂ, ಹಸುಳೆಯಲ್ಲಿಯೂ ಹಕ್ಕಿಯಲ್ಲಿಯೂ ತಪ್ಪದೆ ಇರುವಂಥದು. ದೇವಿಯ ಸರ್ವವ್ಯಾಪಕತ್ವಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷಿ ಇನ್ನಾವುದಿದೆ?

ಹಸಿವೇ ದೇವಿಯಾದರೆ ಊಟ ಅವಳ ಪೂಜೆಯಾಗಬೇಕು. ಅದು ಎಷ್ಟರಮಟ್ಟಿಗೆ ಪೂಜೆಯಾಗುತ್ತಿದೆ ಎಂಬುದು ವಿವೇಚಿಸಬೇಕಾದ ವಿಷಯ. ದಸರೆಯ ದಿನಗಳನ್ನೇ ನೋಡಬಹುದು. ಒಂದೆಡೆ ಗೊಂಬೆಯ ಮುಂದೆ ಮಕ್ಕಳಿಗೆ ಹಂಚುವ ಚರುಪು, ಕೋಸಂಬರಿ, ಉಸಲಿ, ಹೋಳಿಗೆ, ಪಾಯಸ. ಇನ್ನೊಂದೆಡೆ ಒಂಬತ್ತು ದಿನಗಳ ಉಪವಾಸದ ನಿಯಮ. ಇವೆರಡರ ನಡುವೆ ತೂಗಾಡಿದ ಜಠರ, ವಿಜಯದಶಮಿ ಕಳೆದ ಮರುದಿನ ಹುಳಿತೇಗಿನ ಮೂಲಕ ತನ್ನ ಅಹವಾಲನ್ನು ಮಂಡಿಸುತ್ತದೆ. ಆಗ ಮನೆಯ ಹಿರಿಯರ ಬಾಯಿಂದ ಬರುವ ಮಾತು ಒಂದೇ: ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಈ ಗಾದೆಯ ಪೂರ್ವಾರ್ಧವನ್ನು ಎಲ್ಲರೂ ಬಲ್ಲರು. ಅದನ್ನು ಉತ್ತರಾರ್ಧದ ಜೊತೆಗಿಟ್ಟು ನೋಡುವವರು ವಿರಳ. ಊಟ ಮತ್ತು ಮಾತು ಎರಡೂ ನಾಲಗೆಯ ವ್ಯಾಪಾರಗಳು. ಮಾತು ಬಲ್ಲವನೆಂದರೆ ವ್ಯಾಕರಣ ಬಲ್ಲವನೆಂದಾಗಲಿ, ಹೆಚ್ಚು ಪದಗಳನ್ನು ಕಲಿತವನೆಂದಾಗಲಿ ಯಾರೂ ತಿಳಿಯುವುದಿಲ್ಲ. ಯಾವಾಗ ಆಡಬೇಕು, ಎಷ್ಟು ಆಡಬೇಕು, ಯಾರ ಮುಂದೆ ಆಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅರಿತವನೇ ಮಾತು ಬಲ್ಲವನು. ಊಟ ಬಲ್ಲವನ ಅರಿವೂ ಅದೇ ಜಾತಿಯದಾಗಿರಬೇಕು. ಬಗೆಬಗೆಯ ಅಡಿಗೆಯ ರುಚಿಯನ್ನು ಗುರುತಿಸುವವನೂ, ತಿನಿಸುಗಳ ಕ್ಯಾಲೊರಿಯನ್ನು ಕಂಠಪಾಠ ಮಾಡಿದವನೂ ಊಟ ಬಲ್ಲವರಾಗಿಬಿಡುವುದಿಲ್ಲ. ಹಾಗಾದರೆ ಊಟ ಬಲ್ಲವನು ಯಾರು?

ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಾನೇ ವೈಶ್ವಾನರನೆಂಬ ಅಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು, ಪ್ರಾಣಾಪಾನಗಳೊಡನೆ ಕೂಡಿ ನಾಲ್ಕು ವಿಧದ ಅನ್ನವನ್ನು ಪಚನಮಾಡುತ್ತೇನೆ ಎಂದು ತಿಳಿಸುತ್ತಾನೆ. ಛಾಂದೋಗ್ಯ ಉಪನಿಷತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಉಣ್ಣುವ ಕ್ರಿಯೆಯನ್ನೇ ಅಗ್ನಿಹೋತ್ರವೆಂದು ಎಣಿಸುತ್ತದೆ. ಊಟದ ಆರಂಭದಲ್ಲಿ ಐದು ಪ್ರಾಣಗಳಿಗೆ ಆಹುತಿ ಹಾಕುವ ಪದ್ಧತಿಯ ಅಂತರಾರ್ಥ ಇದೇ. ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಇದರಲ್ಲಿ ಒಂದು ಮರ್ಮ ಅಡಗಿದೆ. ತುತ್ತು ಗಂಟಲು ದಾಟುವ ತನಕ ಮಾತ್ರ ಮನುಷ್ಯನ ಅಧಿಕಾರ. ಆಮೇಲೆ ಜಠರದ ಆಮ್ಲ, ಪಿತ್ತಜನಕಾಂಗದ ಪಿತ್ತ, ಮೇದೋಜೀರಕದ ರಸ, ಸುಮಾರು ಆರು ಮೀಟರ್ ಉದ್ದದ ಸಣ್ಣಕರುಳಿನ ಅಲೆಯಂಥ ಚಲನೆ, ದೊಡ್ಡಕರುಳಿನಲ್ಲಿ ವಾಸಿಸುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ದುಡಿಮೆ ಇವಾವುವೂ ಅವನ ಅಪ್ಪಣೆಗಾಗಿ ಕಾಯುವುದಿಲ್ಲ. ಅವನು ನಿದ್ರಿಸುತ್ತಿರುವಾಗಲೂ ಆ ಅಗ್ನಿ ತನ್ನ ಕಾರ್ಯದಲ್ಲಿ ತೊಡಗಿರುತ್ತದೆ. ಆದುದರಿಂದ ಮನುಷ್ಯನ ಸ್ವಾತಂತ್ರ್ಯವೂ ಹೊಣೆಯೂ ಗಂಟಲಿನ ಈಚೆಗೆ ಇರುವಂಥವು. ಏನನ್ನು, ಎಷ್ಟು, ಯಾವಾಗ, ಯಾವ ಮನಸ್ಸಿನಿಂದ, ಯಾರೊಡನೆ ಎಂಬ ಪ್ರಶ್ನೆಗಳೆಲ್ಲ ಅಲ್ಲಿಯೇ ತೀರ್ಮಾನವಾಗಬೇಕು. ಊಟದ ಧರ್ಮ ಹುಟ್ಟುವುದು ಈ ಅಂಗೈ ಅಗಲದ ಜಾಗದಲ್ಲಿ.

ದೇಹವನ್ನು ತುಚ್ಛೀಕರಿಸಿ ಮನಸ್ಸನ್ನು ಮಾತ್ರ ಎತ್ತಿಹಿಡಿಯುವವರಿಗೆ ಅದೇ ಉಪನಿಷತ್ತಿನ ಶ್ವೇತಕೇತುವಿನ ಕಥೆ ಉತ್ತಮವಾದ ಸಮಾಧಾನ. ಮನಸ್ಸು ಅನ್ನಮಯವಾದುದು ಎಂದು ತಂದೆ ಉದ್ದಾಲಕನು ಹೇಳಿದಾಗ ಮಗನಿಗೆ ಅದು ಮನಸ್ಸಿಗೆ ಹತ್ತಲಿಲ್ಲ. ಹದಿನೈದು ದಿನ ಊಟ ಬಿಡು, ನೀರನ್ನು ಮಾತ್ರ ಯಥೇಚ್ಛವಾಗಿ ಕುಡಿ ಎಂದು ತಂದೆ ಆಜ್ಞಾಪಿಸಿದನು. ಹದಿನಾರನೆಯ ದಿನ ವೇದಮಂತ್ರಗಳನ್ನು ಹೇಳೆಂದರೆ, ಹನ್ನೆರಡು ವರ್ಷ ಗುರುಕುಲದಲ್ಲಿ ಕಲಿತ ಆ ಪಂಡಿತನಿಗೆ ಒಂದೂ ಹೊಳೆಯಲಿಲ್ಲ. ಊಟಮಾಡಿ ಬಂದ ಮೇಲೆ ಎಲ್ಲವೂ ನೆನಪಿಗೆ ಬಂದವು. ದೊಡ್ಡ ಬೆಂಕಿ ಆರಿ ಮಿಣುಕುಹುಳದಷ್ಟು ಕೆಂಡ ಉಳಿದಿದ್ದರೂ ಹುಲ್ಲು ಹಾಕಿದರೆ ಮತ್ತೆ ಉರಿಯುತ್ತದೆಯಲ್ಲವೇ ಎಂದು ತಂದೆ ವಿವರಿಸಿದನು. ಗ್ರಂಥವನ್ನು ಮುಂದಿಟ್ಟುಕೊಂಡು ವಾದಮಾಡುವ ಬದಲು ಮಗನ ಹೊಟ್ಟೆಯನ್ನೇ ಪ್ರಯೋಗಶಾಲೆಯಾಗಿಸಿದ ಈ ಬೋಧನೆ ಅಪೂರ್ವವಾದುದು. ಹಸಿದ ಹೊಟ್ಟೆಗೆ ತತ್ತ್ವವನ್ನು ಉಪದೇಶಿಸುವುದು ವ್ಯರ್ಥವೆಂಬ ಪಾಠವೂ ಅದರಲ್ಲಿಯೇ ಇದೆ.

ಕೆಂಡಕ್ಕೆ ಹುಲ್ಲು ಬೇಕು, ನಿಜ. ಆದರೆ ಹೊರೆ ಹುಲ್ಲನ್ನು ಒಮ್ಮೆಗೇ ಸುರಿದರೆ ಕೆಂಡ ಉಸಿರುಕಟ್ಟಿ ಆರಿಹೋಗುತ್ತದೆ. ಇಲ್ಲಿ ಮಿತದ ಪ್ರಶ್ನೆ ಬರುತ್ತದೆ. ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಯೋಗವಿಲ್ಲ ಎಂಬುದು ಗೀತೆಯ ಆರನೆಯ ಅಧ್ಯಾಯದ ನಿರ್ಣಯ. ಚರಕಸಂಹಿತೆಯು ಹೊಟ್ಟೆಯನ್ನು ಮೂರು ಪಾಲು ಮಾಡಿ, ಒಂದು ಗಟ್ಟಿಯಾದ ಆಹಾರಕ್ಕೆ, ಒಂದು ದ್ರವಕ್ಕೆ, ಒಂದು ವಾತಪಿತ್ತಕಫಗಳ ಸಂಚಾರಕ್ಕೆ ಬಿಡಬೇಕೆನ್ನುತ್ತದೆ. ವಾಗ್ಭಟನು ನಾಲ್ಕು ಪಾಲು ಮಾಡಿ ಎರಡನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು ಒಂದನ್ನು ಗಾಳಿಗಾಗಿ ಖಾಲಿ ಇಡಲು ಹೇಳುತ್ತಾನೆ. ಲೆಕ್ಕ ಬೇರೆಯಾದರೂ ಒಂದು ಪಾಲು ಬರಿದಾಗಿರಬೇಕೆಂಬ ಮಾತಿನಲ್ಲಿ ಇಬ್ಬರಿಗೂ ಒಮ್ಮತವಿದೆ. ಒಪ್ಪತ್ತು ಉಂಡವ ಯೋಗಿ, ಎರಡೊಪ್ಪತ್ತು ಉಂಡವ ಭೋಗಿ, ಮೂರೊಪ್ಪತ್ತು ಉಂಡವ ರೋಗಿ ಎಂದು ಹಳ್ಳಿಯ ಅಜ್ಜಿ ಇದನ್ನೇ ನಗೆಯಾಡುತ್ತ ಹೇಳಿದಳು. ಜಠರ ತುಂಬಿತೆಂಬ ಸುದ್ದಿ ಮೆದುಳಿಗೆ ಸ್ಪಷ್ಟವಾಗಿ ತಲುಪಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ ಎಂದು ಇಂದಿನ ವೈದ್ಯರು ತಿಳಿಸುತ್ತಾರೆ. ಹತ್ತು ನಿಮಿಷದಲ್ಲಿ ಊಟ ಮುಗಿಸುವವನು ಆ ಸುದ್ದಿ ಬರುವುದರೊಳಗಾಗಿ ಬರಿದಾಗಿರಬೇಕಾದ ಪಾಲನ್ನೂ ತುಂಬಿಬಿಟ್ಟಿರುತ್ತಾನೆ.

ಮಹಾನಗರದ ಗೃಹಸ್ಥನ ದಿನಚರಿ ಇದಕ್ಕೆ ಅನುಕೂಲವಾಗಿಲ್ಲ ಎಂಬುದು ಒಪ್ಪತಕ್ಕ ಮಾತು. ಮುಂಬಯಿಯ ಉಪನಗರದಲ್ಲಿರುವವನಿಗೆ ಬೆಳಗಿನ ಲೋಕಲ್ ಗಾಡಿಯೇ ಗಡಿಯಾರ. ನಿಂತಲ್ಲಿಯೇ ಉಪಾಹಾರ, ಕಚೇರಿಯ ಮೇಜಿನ ಮೇಲೆ ತಣ್ಣಗಾದ ಡಬ್ಬಿ, ನಾಲ್ಕೈದು ಬಾರಿ ಚಹಾ, ರಾತ್ರಿ ಹತ್ತಕ್ಕೆ ದಣಿದು ಬಂದು ದಿನದ ಹಸಿವನ್ನೆಲ್ಲ ಒಂದೇ ಬಾರಿ ತೀರಿಸುವ ಭೋಜನ, ಅದರ ಬೆನ್ನಿಗೇ ಹಾಸಿಗೆ. ಅಷ್ಟೇ ಅಲ್ಲ, ಆ ಭೋಜನದ ವೇಳೆ ಕಣ್ಣು ದೂರದರ್ಶನದ ಮೇಲೋ ಕೈಯಲ್ಲಿರುವ ಮೊಬೈಲಿನ ಮೇಲೋ ನೆಟ್ಟಿರುತ್ತದೆ. ಹೆಚ್ಚು ಮಾತಾಡದೆ, ನಗದೆ, ಅತಿ ಬೇಗನೆಯೂ ಅತಿ ನಿಧಾನವಾಗಿಯೂ ಅಲ್ಲದೆ, ಮನಸ್ಸನ್ನು ಊಟದಲ್ಲಿಯೇ ಇರಿಸಿ ಉಣ್ಣಬೇಕೆಂದು ಚರಕನು ವಿಧಿಸಿದ್ದಾನೆ. ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆ ಎಂಬ ಛಾಂದೋಗ್ಯದ ಮಾತಿಗೆ ವ್ಯಾಖ್ಯಾನ ಬರೆಯುವಾಗ ಶ್ರೀ ಶಂಕರಾಚಾರ್ಯರು, ಇಂದ್ರಿಯಗಳು ಒಳಕ್ಕೆ ತಂದುಕೊಳ್ಳುವುದೆಲ್ಲವೂ ಆಹಾರವೇ ಎಂದರು. ಶ್ರೀ ರಾಮಾನುಜರ ಸಂಪ್ರದಾಯವು ಅದನ್ನು ಉಣ್ಣುವ ಅನ್ನವೆಂದೇ ಗ್ರಹಿಸಿತು. ಕೊಲೆ ಸುಲಿಗೆಯ ವಾರ್ತೆಗಳನ್ನು ನೋಡುತ್ತ ಸಾರನ್ನ ಕಲಸುವವನು ಇಬ್ಬರು ಆಚಾರ್ಯರ ಮಾತನ್ನೂ ಏಕಕಾಲಕ್ಕೆ ಮೀರಿದಂತಾಯಿತು. ನಗರದ ವೇಳಾಪಟ್ಟಿಯನ್ನು ಬದಲಿಸುವುದು ಎಲ್ಲರಿಗೂ ಸಾಧ್ಯವಾಗದು. ಎಲೆಯ ಮುಂದೆ ಕುಳಿತ ಕಾಲು ಗಂಟೆಯನ್ನು ಎಲೆಗೇ ಮೀಸಲಿಡುವುದು ಬಹುಮಂದಿಗೆ ಸಾಧ್ಯ.

ಇನ್ನು ಉಪವಾಸ. ಆ ಶಬ್ದದ ಅರ್ಥವೇ ಸಮೀಪದಲ್ಲಿ ವಾಸಿಸುವುದು, ದೇವರ ಸನ್ನಿಧಿಯಲ್ಲಿರುವುದು. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರು ನೆರೆಹೊರೆಯ ವ್ರತಗಳನ್ನೂ ಪ್ರೀತಿಯಿಂದ ತಮ್ಮದಾಗಿಸಿಕೊಂಡಿದ್ದಾರೆ. ಜೊತೆಯಲ್ಲಿ ಸಾಬೂದಾನಿಯ ಖಿಚಡಿ, ಕರಿದ ಆಲೂಗಡ್ಡೆ, ಶೇಂಗಾದ ಉಂಡೆಗಳೂ ಬಂದಿವೆ. ದಕ್ಷಿಣ ಅಮೆರಿಕದಿಂದ ಬಂದ ಮರಗೆಣಸಿನ ಪಿಷ್ಟವೇ ಇಲ್ಲಿಯ ಸಾಬೂದಾನಿ. ಅದರಲ್ಲಿ ನಾರೂ ಸಸಾರಜನಕವೂ ಇಲ್ಲವೆನ್ನುವಷ್ಟು ಕಡಮೆ. ಅದನ್ನು ತುಪ್ಪದಲ್ಲಿ ಮೀಯಿಸಿ ಹೊಟ್ಟೆ ಬಿರಿಯುವಂತೆ ತಿಂದರೆ ಅನ್ನ ಬಿಟ್ಟೆನೆಂಬ ಸಮಾಧಾನ ಸಿಗಬಹುದು; ಜಠರಾಗ್ನಿಗೆ ವಿಶ್ರಾಂತಿ ಸಿಗದು. ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವ ವೃದ್ಧೆ ದೇವಿಯ ಹೆಸರಿನಲ್ಲಿ ನಿರಾಹಾರ ಹಿಡಿದರೆ ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಧರ್ಮಶಾಸ್ತ್ರಕಾರರು ಇಷ್ಟು ಕಠೋರರಾಗಿರಲಿಲ್ಲ. ಎಂಟು ವರ್ಷದೊಳಗಿನವರಿಗೂ ಎಂಬತ್ತು ದಾಟಿದವರಿಗೂ ಏಕಾದಶಿಯ ಕಡ್ಡಾಯವಿಲ್ಲವೆಂದರು. ನೀರು, ಕಂದಮೂಲ, ಹಣ್ಣು, ಹಾಲು ಮೊದಲಾದ ಎಂಟು ಸಂಗತಿಗಳಿಂದ ವ್ರತಭಂಗವಾಗದು ಎಂದು ಪಟ್ಟಿ ಮಾಡಿದಾಗ ಗುರುವಿನ ಮಾತನ್ನೂ ಔಷಧವನ್ನೂ ಅದರಲ್ಲಿ ಸೇರಿಸಿದರು. ಹಸಿವಾಗಿ ನೆಲೆಸಿದ ತಾಯಿಯನ್ನು ಒಳಗೆ ದಂಡಿಸಿ ಹೊರಗೆ ಅರ್ಚಿಸುವುದರಲ್ಲಿ ಅರ್ಥವಿಲ್ಲ.

ಏನನ್ನು ಉಣ್ಣಬೇಕೆಂಬ ವಿಷಯದಲ್ಲಿ ಕನ್ನಡಿಗರಿಗೆ ಕನಕದಾಸರಿಗಿಂತ ಉತ್ತಮ ಗುರು ಬೇಕಾಗಿಲ್ಲ. ಅವರ ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಶ್ರೇಷ್ಠತೆಯ ಬಗ್ಗೆ ವಾಗ್ವಾದ ಹತ್ತುತ್ತದೆ. ಭತ್ತ ತನ್ನ ಬಿಳುಪನ್ನೂ ಮೇಲ್ದರ್ಜೆಯನ್ನೂ ಹೊಗಳಿಕೊಂಡು ರಾಗಿಯನ್ನು ಹಳಿಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಭತ್ತ ಕಳೆಗುಂದಿತ್ತು. ರಾಗಿ ಗಟ್ಟಿಯಾಗಿ ಉಳಿದಿತ್ತು. ರಾಘವನ ಹೆಸರನ್ನೇ ಪಡೆಯಿತು. ಬಿಳುಪಿನ ಈ ಗರ್ವಕ್ಕೆ ಮನುಕುಲ ತೆತ್ತ ಬೆಲೆಯನ್ನು ಇತಿಹಾಸವೂ ಬಲ್ಲದು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳಿಗೆ ಕಾಲು ಸೋತು ಬೆರಿಬೆರಿಯನ್ನು ಹೋಲುವ ರೋಗ ಬರುವುದನ್ನೂ, ತೌಡುಸಹಿತವಾದ ಅಕ್ಕಿಯಿಂದ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ಆ ತೌಡಿನಲ್ಲಿದ್ದುದು ಬಿ-1 ಜೀವಸತ್ತ್ವವೆಂದು ಆಮೇಲೆ ತಿಳಿದುಬಂತು. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಮೂಲವೂ 1918ರಲ್ಲಿ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಆರಂಭಿಸಿದ ಬೆರಿಬೆರಿ ಸಂಶೋಧನೆಯೇ. ಇಂದು ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂದೂ ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸೆಂದೂ ಅಳೆಯಲಾಗಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಕನಕದಾಸರ ತೀರ್ಪನ್ನು ಜಗತ್ತು ಸಾವಕಾಶವಾಗಿ ಒಪ್ಪಿಕೊಂಡಿತೆನ್ನಬೇಕು. ಆದರೆ ಅವರ ಕಾವ್ಯ ಅಕ್ಕಿಯನ್ನು ಹೊರಹಾಕಲು ಹುಟ್ಟಿದುದಲ್ಲ. ಉಳ್ಳವರ ತಟ್ಟೆ ಶ್ರೇಷ್ಠ, ಇಲ್ಲದವರ ತಟ್ಟೆ ಕೀಳು ಎಂಬ ಅಹಂಕಾರಕ್ಕೆ ಅದು ಹಾಕಿದ ಸೆರೆ.

ಇಷ್ಟನ್ನೆಲ್ಲ ಒಪ್ಪಿದ ಮೇಲೆ ಒಂದು ಗಂಡಾಂತರ ಎದುರಾಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂದರೆ, ರೋಗ ಬಂದವನು ಊಟ ಅರಿಯದವನೇ? ಹೊಟ್ಟೆಯ ವ್ಯಾಧಿಯಿಂದ ನರಳುವವರನ್ನು ಕಂಡಾಗ ಸುತ್ತಲಿನವರು ಬಾಯಿಚಪಲದ ಫಲವೆಂದು ಸುಲಭವಾಗಿ ಅಂದುಬಿಡುತ್ತಾರೆ. ತಿಳಿದೂ ತಪ್ಪುವ ಬುದ್ಧಿಯ ದೋಷವನ್ನು ಚರಕನು ಪ್ರಜ್ಞಾಪರಾಧವೆಂದು ಕರೆದು ರೋಗಕಾರಣಗಳಲ್ಲಿ ಎಣಿಸಿದ್ದು ನಿಜ. ಅದು ರೋಗಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ. ಪಕ್ಕದ ಮನೆಯವರು ತೀರ್ಪು ಬರೆಯಲು ಕೊಟ್ಟ ಲೇಖನಿಯಲ್ಲ. ಜಠರದ ಹುಣ್ಣಿನ ಚರಿತ್ರೆ ಇಲ್ಲಿ ಕಣ್ತೆರೆಸುವಂಥದು. ದಶಕಗಳ ಕಾಲ ಆ ಹುಣ್ಣಿಗೆ ಚಿಂತೆ, ಸಿಡುಕು, ಖಾರ ಇವೇ ಕಾರಣವೆಂದು ವಿದ್ಯಾವಂತ ವೈದ್ಯರೇ ನಂಬಿದ್ದರು. ಎಷ್ಟೋ ಮಂದಿ ಹಾಲು, ಸಪ್ಪೆ ಅನ್ನದ ಮೇಲೆ ಆಯುಷ್ಯ ಸವೆಸಿ, ನೋವಿನ ಜೊತೆಗೆ ತಮ್ಮ ಸ್ವಭಾವವೇ ಕೆಟ್ಟದೆಂಬ ಅಪವಾದವನ್ನೂ ಹೊತ್ತರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಜೀವಾಣುಗಳ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು. ಬಹುಪಾಲು ಹುಣ್ಣುಗಳಿಗೆ ಅದೇ ಕಾರಣವೆಂದೂ, ಇನ್ನು ಕೆಲವಕ್ಕೆ ನೋವಿನ ಮಾತ್ರೆಗಳು ಕಾರಣವೆಂದೂ ಸಿದ್ಧವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ವಾರಗಳ ಔಷಧದಿಂದ ಗುಣವಾಗಬಹುದಾದ ವ್ಯಾಧಿಯನ್ನು ಜನ್ಮಾಂತರದ ಪಾಪವೆಂಬಂತೆ ಕಂಡದ್ದು ಯಾರ ಪ್ರಜ್ಞೆಯ ಅಪರಾಧ? ಮಿತವಾಗಿ ಉಂಡವನಿಗೂ ರೋಗ ಬರಬಹುದು. ಗಾದೆ ಉಣ್ಣುವವನಿಗೆ ಹೇಳಿದ ಎಚ್ಚರಿಕೆ. ಅದನ್ನು ಹಾಸಿಗೆ ಹಿಡಿದವನ ತಲೆಯ ಮೇಲೆ ಕಲ್ಲಾಗಿ ಎತ್ತಿಹಾಕಬಾರದು.

ಈ ವಿವೇಕಕ್ಕೆ ಪರೀಕ್ಷೆ ನಡೆಯುವುದು ಹಬ್ಬದ ಪಂಕ್ತಿಯಲ್ಲಿ. ದಸರೆಯ ಸಂತರ್ಪಣೆಯಲ್ಲಿ ಹಿರಿಯರೊಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆನ್ನುತ್ತಾರೆ. ದೇವರ ಪ್ರಸಾದ, ಬೇಡವೆನ್ನಬಾರದು ಎಂದು ಬಡಿಸುವ ಯುವಕ ಇನ್ನೂ ಒಂದು ಹೋಳಿಗೆಯನ್ನು ಹಾಕಿಯೇ ಬಿಡುತ್ತಾನೆ. ಅದು ಅವನ ಪ್ರೀತಿ, ಸಂದೇಹವಿಲ್ಲ. ಆದರೆ ಆ ಹಿರಿಯರ ಮುಂದಿರುವುದು ಎರಡು ಭಯಗಳು: ಉಂಡರೆ ರಕ್ತದ ಸಕ್ಕರೆ ಏರುತ್ತದೆ, ಬಿಟ್ಟರೆ ಅನ್ನಕ್ಕೆ ಅವಮಾನವಾಗುತ್ತದೆ. ಅನ್ನವನ್ನು ನಿಂದಿಸಬೇಡ, ತಿರಸ್ಕರಿಸಬೇಡ ಎಂದ ತೈತ್ತಿರೀಯ ಉಪನಿಷತ್ತೇ, ಜೀವಿಗಳು ತಿನ್ನುವುದೂ ಜೀವಿಗಳನ್ನು ತಿನ್ನುವುದೂ ಅನ್ನವೇ ಎಂದು ಎಚ್ಚರಿಸಿದೆ. ಪ್ರಸಾದದ ಪುಣ್ಯ ತೂಕದಿಂದ ಹೆಚ್ಚುವಂಥದಲ್ಲ. ಕಣ್ಣಿಗೊತ್ತಿಕೊಂಡ ಒಂದು ಕಾಳಿನಲ್ಲಿಯೂ ಅದು ಪೂರ್ಣವಾಗಿದೆ. ಸಾಕೆಂದ ಕೈಯನ್ನು ಗೌರವಿಸುವುದು ಬಡಿಸುವವನ ಧರ್ಮ. ಉಪಚಾರವು ಉಪದ್ರವವಾಗುವ ಗೆರೆಯನ್ನು ಅವನೂ ತಿಳಿದಿರಬೇಕು. ಉಣ್ಣುವವನಂತೆ ಬಡಿಸುವವನೂ ಊಟ ಬಲ್ಲವನಾಗಬೇಕು.

ಕಟ್ಟಕಡೆಗೆ, ಊಟವೆಂಬುದು ಒಬ್ಬನ ವ್ಯವಹಾರವಲ್ಲ. ತನಗಾಗಿ ಮಾತ್ರ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆಂದು ಗೀತೆಯ ಮೂರನೆಯ ಅಧ್ಯಾಯ ನಿಷ್ಠುರವಾಗಿ ನುಡಿದಿದೆ. ಬಸವಾದಿ ಶರಣರು ದಾಸೋಹವನ್ನು ಸಾಧನೆಯ ಮೆಟ್ಟಿಲಾಗಿಸಿದರು. ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮನೆಂದೇ ಜನ ಕರೆದರು. ಊರ ಹಬ್ಬಕ್ಕೆ, ಮಠಕ್ಕೆ, ಸಂಘಕ್ಕೆ ಕೈತುಂಬ ಕೊಡುವ ಗುಣ ಕನ್ನಡಿಗರಿಗೆ ಪರಸ್ಥಳದಲ್ಲಿಯೂ ಬಿಟ್ಟುಹೋಗಿಲ್ಲ. ಆದರೆ ದೂರದ ಪಂಕ್ತಿಯನ್ನು ಕಾಣುವ ಕಣ್ಣಿಗೆ ಹತ್ತಿರದ ಒಂದು ಎಲೆ ಕಾಣದೆಹೋಗುತ್ತದೆ. ಅದು ಅಡಿಗೆ ಮಾಡಿದವಳ ಎಲೆ. ನವರಾತ್ರಿಯಲ್ಲಿ ಕನ್ನಿಕೆಯರಿಗೂ ಸುಮಂಗಲಿಯರಿಗೂ ದೇವಿಯೆಂದು ಪಾದಪೂಜೆ ನಡೆಯುವ ಅದೇ ಮನೆಯಲ್ಲಿ, ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದವಳು ಎಲ್ಲರ ಊಟ ಮುಗಿದು ಪಾತ್ರೆಗಳನ್ನು ಬಳಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ಉಳಿದ ತಣ್ಣನೆಯ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಒಬ್ಬಳೇ ಕುಳಿತಿರುತ್ತಾಳೆ. ಪಲ್ಯ ಮುಗಿದಿರುತ್ತದೆ, ಬೇಳೆ ತಳದಲ್ಲಿಯೂ ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅದಕ್ಕೆ ಬಡತನವೂ ಬೇರೆ ಕಾರಣಗಳೂ ಉಂಟು. ಆದರೂ ಕೊನೆಗೆ ಉಣ್ಣುವ ಈ ಪದ್ಧತಿಯನ್ನು ತ್ಯಾಗವೆಂದು ಹಾಡಿಹೊಗಳಿ ಕೈತೊಳೆದುಕೊಳ್ಳುವುದು ನ್ಯಾಯವೆನಿಸದು.

ಉಣ್ಣುವಿಕೆಯನ್ನು ಅಗ್ನಿಹೋತ್ರವೆಂದ ಛಾಂದೋಗ್ಯವು ಆ ಪ್ರಸಂಗವನ್ನು ಮುಗಿಸುವಾಗ ಹೃದಯಂಗಮವಾದ ಉಪಮೆಯೊಂದನ್ನು ಕೊಡುತ್ತದೆ. ಹಸಿದ ಮಕ್ಕಳು ತಾಯಿಯ ಸುತ್ತ ಕುಳಿತಿರುವಂತೆ ಸಕಲ ಜೀವಿಗಳೂ ಈ ಅಗ್ನಿಹೋತ್ರದ ಸುತ್ತ ಕುಳಿತಿವೆ ಎಂಬುದು ಅದರ ಭಾವ. ಆ ಚಿತ್ರವನ್ನು ಕಣ್ಣಮುಂದೆ ತಂದುಕೊಂಡವನಿಗೆ ಇನ್ನೊಂದು ಪ್ರಶ್ನೆ ಏಳದಿರದು: ಮಕ್ಕಳೆಲ್ಲ ಉಂಡರು, ತಾಯಿ ಉಂಡಳೇ? ಹಸಿವಾಗಿ ಎಲ್ಲರಲ್ಲಿಯೂ ನೆಲೆಸಿದವಳು ಅಡಿಗೆಮನೆಯ ಮೂಲೆಯಲ್ಲಿಯೂ ನೆಲೆಸಿದ್ದಾಳೆ.

ಆದುದರಿಂದ ಊಟ ಬಲ್ಲವನ ಲಕ್ಷಣ ಇಷ್ಟು. ಹಸಿದಾಗ ಉಣ್ಣುತ್ತಾನೆ, ಒಂದು ಪಾಲನ್ನು ಬರಿದಾಗಿ ಇಡುತ್ತಾನೆ, ಎಲೆಯ ಮುಂದೆ ಮನಸ್ಸಿಟ್ಟು ಕುಳಿತಿರುತ್ತಾನೆ, ಯಾವ ಧಾನ್ಯವನ್ನೂ ಹಳಿಯುವುದಿಲ್ಲ, ರೋಗಿಯನ್ನು ದೂಷಿಸುವುದಿಲ್ಲ, ಸಾಕೆಂದವನನ್ನು ಪೀಡಿಸುವುದಿಲ್ಲ. ಇವೆಲ್ಲದರ ಜೊತೆಗೆ, ಬಡಿಸಿದವಳಿಗೂ ಒಂದು ಮಣೆ ಹಾಕಿಸಿ, ಬಿಸಿಯಾಗಿರುವಾಗಲೇ ಅವಳ ಎಲೆಗೂ ಎಲ್ಲವೂ ಬಿದ್ದಿದೆಯೇ ಎಂದು ನೋಡಿ ಆಮೇಲೆ ಮೊದಲ ತುತ್ತನ್ನೆತ್ತುತ್ತಾನೆ. ಅಂಥವನಿಗೂ ಶರೀರಧರ್ಮದಿಂದ ರೋಗ ಬರಬಹುದು. ಆದರೆ ಅವನ ಮನೆಯಲ್ಲಿ ನವರಾತ್ರಿಯ ಪೂಜೆ ಒಂಬತ್ತು ದಿನಗಳಿಗೆ ಮುಗಿದುಹೋಗುವುದಿಲ್ಲ. ದಿನಕ್ಕೆ ಎರಡು ಹೊತ್ತು, ವರ್ಷವಿಡೀ, ನಡೆಯುತ್ತಲೇ ಇರುತ್ತದೆ. ಕ್ಷುಧಾರೂಪಿಣಿಯಾದ ಜಗನ್ಮಾತೆ ಎಲ್ಲರ ಮನೆಯ ಒಲೆಯನ್ನೂ ಒಳಗಿನ ಅಗ್ನಿಯನ್ನೂ ಸಮನಾಗಿ ಕಾಪಾಡಲಿ.